ಎಂಜಿನ್ ಮನೆಯ ಹಿಂದಿನ ಗುಂಡಿ

ಬೇಸಿಗೆ ಕಾಲಿಟ್ಟು ಹದಿನೈದು ದಿನವಾಗಿತ್ತು. ಕಾಡಂಚಿನ ಹೊಂಡದ ನೀರು ಮೊಣಕಾಲಿಗಿಂತ ಕೆಳಗಿಳಿದಿತ್ತು. ಅರಣ್ಯ ಇಲಾಖೆಯ ಕಾವಲುಗಾರ ಬೆಳಿಗ್ಗೆಯೇ ಡೀಸೆಲ್ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಹೊಟ್ಟೆಯಿಂದ ಹಳೇ ಎಣ್ಣೆ ಇಳಿಸುತ್ತಿದ್ದ. ಎಂಜಿನ್ ನೀರೆತ್ತಿದರೇ ಹೊಂಡಕ್ಕೆ ನೀರು, ಕಾಡಿನ ಪ್ರಾಣಿಗಳಿಗೂ ನೀರು. ಮುಂಗಾಲು ಕುಂಟುವ ಒಂದು ಹೆಣ್ಣು ಜಿಂಕೆಯಂತೂ ಅದರ ಸದ್ದು ಕೇಳಿದರೆ ಸಾಕು, ಬೀಗಿತ್ತಿಯ ಗತ್ತಿನಲ್ಲಿ ಬಂದು ನಿಲ್ಲುತ್ತಿತ್ತು.

ಡಬ್ಬಿ ತುಂಬಿತು. ಹನ್ನೊಂದು ವರ್ಷದಿಂದ ಸುರಿಯುತ್ತಿದ್ದಂತೆ ಎಂಜಿನ್ ಮನೆಯ ಹಿಂದಿನ ಗುಂಡಿಗೆ ಸುರಿಯಲು ಹೋದವನು ಗೋಡೆ ತಿರುಗಿದ ಕೂಡಲೇ ನಿಂತುಬಿಟ್ಟ. ತಿಂಗಳಿಂದ ಕಾಡೆಲ್ಲ ತೂತು ಕೊರೆದು ಬರೀ ಧೂಳು ಕಂಡಿದ್ದ ಎಣ್ಣೆ ಕಂಪನಿಯ ಎಂಜಿನಿಯರ್ ಅವನ ಗುಂಡಿಯಲ್ಲೇ ಗುದ್ದಲಿ ಹಾಕಿಸುತ್ತಿದ್ದ. ಮಣ್ಣು ಕರ್ರಗೆ, ಮಿರಮಿರ ಮಿನುಗುತ್ತಾ ಮೇಲೆ ಬಂತು. ಎಂಜಿನಿಯರ್ ಒಂದು ಹಿಡಿ ಎತ್ತಿ ಮೂಸಿ ಮೂಗು ಸೊಟ್ಟ ಮಾಡಿದ.

ಕೆಲಸದವರಿಗೆ ಟೀ ತಂದಿದ್ದ ಅಂಗಡಿಯ ಅಕ್ಕ ಅಷ್ಟನ್ನು ನೋಡಿದ್ದೇ ತಡ, ಕೆಟಲ್ ಅಲ್ಲೇ ಬಿಟ್ಟು, "ಎಣ್ಣೆ ಸಿಕ್ತು! ಎಣ್ಣೆ ಸಿಕ್ತು!" ಎಂದು ಊರ ಕಡೆ ಓಡಿದಳು.

ಕಾವಲುಗಾರ ಹೆಗಲ ಟವೆಲ್ಲನ್ನು ಡಬ್ಬಿಗೆ ಹೊದಿಸಿದ. ಕಾಡಿನ ಮಣ್ಣಿಗೆ ಎಣ್ಣೆ ಸುರಿಯುವುದು ತಪ್ಪು ಎಂಬ ಸುತ್ತೋಲೆ ಎಂಜಿನ್ ಮನೆಯ ಗೋಡೆಯಲ್ಲೇ ಇತ್ತು, ಅಂಟಿಸಿದವನೂ ಅವನೇ. ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ, ಹೆಂಡತಿ ಇರುವ ಪೇಟೆಗೆ ಈ ಸಲವಾದರೂ ವರ್ಗವಾಗುವ ಹಾಗಿತ್ತು. ಕಡತದಲ್ಲಿ ಒಂದು ಕಪ್ಪುಚುಕ್ಕೆ ಬಿದ್ದರೂ ಮುಗಿಯಿತು.

ಅಷ್ಟರಲ್ಲಿ ಅವಳದೇ ಫೋನು. "ಏನ್ರೀ, ಆರ್ಡರ್ ಬಂತಾ?"

"ಮಧ್ಯಾಹ್ನ ಸಾಹೇಬ್ರು ಬರ್ತಾರೆ."

"ಈ ಸಲ ಬಂದೇ ಬರ್ತೀನಿ ಅಂತ ಮಾತು ಕೊಟ್ಟಿದ್ದೀರಿ, ನೆನಪಿರ್ಲಿ. ಸುಮ್ನೆ ಬಾಯಿ ಮುಚ್ಕೊಂಡಿರಿ, ಅಷ್ಟು ಸಾಕು."

ಬಿಸಿಲು ನೆತ್ತಿಗೇರುವ ಹೊತ್ತಿಗೆ ಊರಿಗೆ ಊರೇ ಅಲ್ಲಿ ನೆರೆದಿತ್ತು. ಕಂಪನಿಯ ಲಾರಿ ಯಂತ್ರ ಹೇರಿಕೊಂಡು ದಾರಿಯಲ್ಲಿ ನಿಂತಿತ್ತು. ಅದರ ಮುಂದೆ ಹಳೇ ಮೇಷ್ಟ್ರು ಉದ್ದಕ್ಕೆ ಮಲಗಿದ್ದರು.

"ಈ ಕಾಡು ಕೊರೆಯೋದಾದ್ರೆ ಮೊದಲು ನನ್ನ ಮೇಲೆ ಹತ್ತಿಸಿ! ತಲೆ ಮೇಲೆ ಅಷ್ಟು ದೊಡ್ಡ ಸೂರ್ಯ ಪುಕ್ಕಟೆ ಉರೀತಿರೋವಾಗ ನೆಲ ಯಾಕ್ರೀ ಕೆದಕ್ತೀರಿ? ಅವನ ಶಕ್ತಿ ನಿಮಗೇನು ಗೊತ್ತು?"

ಸೂರ್ಯನ ಶಕ್ತಿ ಮೇಷ್ಟ್ರ ಬೋಳುತಲೆಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ನೋಡಲಾಗದೆ ಅಕ್ಕನೇ ಕೊಡೆ ತಂದು ಹಿಡಿದಳು; ಹಿಡಿದುಕೊಂಡೇ ಬೈದಳು. "ಎಣ್ಣೆ ಬಂದ್ರೆ ರಸ್ತೆ ಬರುತ್ತೆ, ನನ್ನಂಗಡಿ ಹೋಟ್ಲಾಗುತ್ತೆ. ಅದಕ್ಯಾಕೆ ಅಡ್ಡ ಮಲಗ್ತೀರಿ ಮೇಷ್ಟ್ರೇ?"

"ಸ್ವಲ್ಪ ನನ್ನ ಮಾತು ಕೇಳಿ..." ಎಂದ ಎಂಜಿನಿಯರ್.

"ನೀವು ಮಾತಾಡ್ಬೇಡಿ!" ಎಂದರು ಇಬ್ಬರೂ ಒಟ್ಟಿಗೆ. ಆ ದಿನ ಅವರಿಬ್ಬರಿಗೂ ಒಪ್ಪಿಗೆಯಾದ ಮಾತು ಅದೊಂದೇ.

ಅಕ್ಕ ಕಾವಲುಗಾರನ ಕಡೆ ತಿರುಗಿದಳು. "ತಮ್ಮಾ, ಇಷ್ಟು ವರ್ಷ ಇದರ ಪಕ್ಕದಲ್ಲೇ ಬಿದ್ಕೊಂಡಿದ್ದೆ, ಒಂದಿನಾನೂ ವಾಸನೆ ಬರ್ಲಿಲ್ವಾ?"

"ನೆಗಡಿ ಅಕ್ಕ," ಎಂದ ಅವನು, ಡಬ್ಬಿಯನ್ನು ಕಾಲಿನ ಹಿಂದಕ್ಕೆ ಸರಿಸುತ್ತಾ.

"ಅದೇನಪ್ಪಾ ಅದು, ನೀರಾ?" ಮೇಷ್ಟ್ರು ಮಲಗಿದಲ್ಲಿಂದಲೇ ಕೈಚಾಚಿದರು. "ಗಂಟಲು ಒಣಗಿದೆ, ಒಂದು ಗುಟುಕು ಕೊಡು."

"ಇದು... ಮೊನ್ನೇದು ಮೇಷ್ಟ್ರೇ."

"ಪರವಾಗಿಲ್ಲ, ಕೊಡು."

ಸಾಹೇಬರ ಜೀಪು ಆಗಲೇ ಬಂದು ನಿಂತದ್ದರಿಂದ ಮೇಷ್ಟ್ರ ಜೀವ ಉಳಿಯಿತು. ಸಾಹೇಬರು ಕಂಕುಳಲ್ಲಿ ಚೀಲ ಇಟ್ಟುಕೊಂಡು ಇಳಿದು, ಅಗೆದ ಗುಂಡಿ ನೋಡಿ ನಿಟ್ಟುಸಿರುಬಿಟ್ಟರು. "ಇನ್ನೇನು, ಹೊಂಡ ಮುಚ್ಚಿ ಲಾರಿಗೆ ದಾರಿ ಮಾಡು ಅಂತಾರೆ ಮೇಲಿನವರು. ನಮ್ಮ ಮಾತು ಯಾರು ಕೇಳ್ತಾರೆ?"

ಕಾವಲುಗಾರ ಹೊಂಡದ ಕಡೆ ನೋಡಿದ. ಗದ್ದಲದಲ್ಲಿ ಅವತ್ತು ಎಂಜಿನ್ನನ್ನೇ ಹಚ್ಚಿರಲಿಲ್ಲ. ಆಚೆ ಪೊದೆಯ ಮರೆಯಲ್ಲಿ ಕುಂಟ ಜಿಂಕೆ ಒಂದು ಕಾಲೆತ್ತಿಕೊಂಡು, ಜನ ಯಾವಾಗ ಹೋಗುತ್ತಾರೋ ಎಂದು ಕಾಯುತ್ತಿತ್ತು. ಅವನಿಗೆ ಹೆಂಡತಿಯ ಮಾತು ನೆನಪಾಯಿತು. ಆದರೂ ಬಾಯಿ ತೆರೆದೇಬಿಟ್ಟ.

"ಸಾಹೇಬ್ರೇ, ಆ ಎಣ್ಣೆ ನೆಲದ್ದಲ್ಲ. ನಂದು."

"ನಿಂದಾ? ನೀನ್ಯಾವಾಗ ಎಣ್ಣೆ ಬಾವಿ ತೋಡಿಸ್ದೆ?" ಎಂದಳು ಅಕ್ಕ.

ಅವನು ಟವೆಲ್ ತೆಗೆದ. ಮೇಷ್ಟ್ರು ಎದ್ದು ಕೂತು, ತಾವು ಕುಡಿಯಲಿದ್ದುದನ್ನು ಇಣುಕಿ ನೋಡಿ, ಹಾಗೇ ಮತ್ತೆ ಮಲಗಿದರು.

ಎಂಜಿನಿಯರ್ ಹಣೆ ಒರೆಸಿಕೊಂಡ. "ಎಂಜಿನ್ನಿನ ಕೊಳಕು ಎಣ್ಣೆ ಅಂತ ಬೆಳಿಗ್ಗೆ ಮೂಸಿದಾಗಲೇ ಗೊತ್ತಾಯ್ತು ನಂಗೆ. ಇಲ್ಲೇನೂ ಇಲ್ಲ ಅಂತ ವರದಿ ಬರೆದು, ಸಾಮಾನೆಲ್ಲ ಲಾರಿಗೆ ಹೇರಿಸಿ ಹೊರಟಿದ್ದೆ. ಇವರು ದಾರಿ ಬಿಡ್ಬೇಕಲ್ಲ! ನಿಮ್ಮನ್ನ ಯಾರು ಕೇಳಿದ್ರು ಮಾರಾಯರೇ?" ಎಂದ, ಕಾವಲುಗಾರನ ಕಡೆ ತಿರುಗಿ.

ಯಾರೂ ಕೇಳಿರಲಿಲ್ಲ.

ಸಾಹೇಬರು ಚೀಲ ತೆರೆದು ಒಂದು ಲಕೋಟೆ ಹೊರತೆಗೆದರು. ಅದರ ಮೇಲಿದ್ದದ್ದು ಕಾವಲುಗಾರನ ಹೆಸರು. "ಇದನ್ನ ಕೊಡೋಣ ಅಂತಲೇ ಬಂದೆ," ಎಂದು ಅಷ್ಟೇ ನಿಧಾನವಾಗಿ ಒಳಗಿಟ್ಟರು. "ಹನ್ನೊಂದು ವರ್ಷದ ಎಣ್ಣೆ! ಎಷ್ಟು ಆಳಕ್ಕೆ ಇಳಿದಿದೆಯೋ. ಸುರಿದವನೇ ಅಷ್ಟೂ ಮಣ್ಣು ಅಗೆದು ತೆಗೀಬೇಕು. ಅಲ್ಲೀವರೆಗೂ ನೀನು ಇಲ್ಲೇ."

"ಈಗಲಾದ್ರೂ ಸೂರ್ಯನ ಪಂಪು ಹಾಕಿಸಿ," ಎಂದರು ಮೇಷ್ಟ್ರು.

"ಹಾಕಿಸೋಣ. ಆದ್ರೆ ಸೋಲಾರ್ ಹಲಗೆ ಮೇಲಿನ ಧೂಳು ದಿನಾ ಒರೆಸೋಕೆ ಖಾಯಂ ಒಬ್ಬ ಬೇಕು."

ಎಲ್ಲರೂ ಕಾವಲುಗಾರನ ಮುಖ ನೋಡಿದರು.

ಲಾರಿ ಹೋಯಿತು, ಜೀಪು ಹೋಯಿತು, ಅಕ್ಕ ಕೊಡೆ ಮಡಚಿಕೊಂಡು ಹೋದಳು. ಇಳಿಬಿಸಿಲಲ್ಲಿ ಅವನು ಹೊಸ ಎಣ್ಣೆ ತುಂಬಿ ಎಂಜಿನ್ ಹಚ್ಚಿದ. ಜಿಂಕೆ ಕುಂಟುತ್ತಾ ಬಂದು, ಅವನ ಕಡೆ ಕಣ್ಣೆತ್ತಿಯೂ ನೋಡದೆ ನೀರು ಕುಡಿಯಿತು.

ಫೋನು ಬಡಿದುಕೊಂಡಿತು. "ಆರ್ಡರ್ ಬಂತಾ?"

"ಬಂತು."

"ಕೈಗೆ ಕೊಟ್ರಾ?"

"ತೋರಿಸಿದ್ರು."

"ಬಾಯಿ ಮುಚ್ಕೊಂಡಿದ್ರಿ ತಾನೇ?"

"ಎಂಜಿನ್ ಸದ್ದು, ಏನೂ ಕೇಳ್ತಿಲ್ಲ ಕಣೇ," ಎಂದು ಫೋನು ಜೇಬಿಗಿಟ್ಟು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಇದನ್ನು ಎಲ್ಲಿ ಸುರಿಯಬೇಕೆಂದು ಮಾತ್ರ ಸಾಹೇಬರು ಹೇಳಿ ಹೋಗಿರಲಿಲ್ಲ.