ನಮ್ಮತ್ತೆಗೆ ದೇವರು ಆಗಿಬರುತ್ತಿರಲಿಲ್ಲ

ನಮ್ಮ ಅತ್ತೆಯವರಷ್ಟು ಥಳಥಳ ಅನ್ನುವ ಹಾಗೆ ದೇವರ ಪಾತ್ರೆ ಬೆಳಗುವವರು ಇಡೀ ಬಸವನಗುಡಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವರಷ್ಟು ನಿರಾಳವಾಗಿ ದೇವರನ್ನು ನಂಬದೇ ಇದ್ದವರೂ ಇನ್ನೊಬ್ಬರಿರಲಿಲ್ಲ! ಎರಡೂ ಒಂದೇ ಹೆಂಗಸಿನಲ್ಲಿ ಹೇಗಿರಲು ಸಾಧ್ಯ ಅಂತ ನೀವು ಕೇಳಬಹುದು. ಮದುವೆಯಾದ ಹೊಸತರಲ್ಲಿ ನಾನೂ ಕೇಳಿದೆ. ಕೇಳಿ ಕೇಳಿ ಸುಸ್ತಾಗಿ, ಕೊನೆಗೆ ಹುಳಿಗೆ ಬೇಳೆ ಬೇಯಿಸೋಕೆ ಹೋದೆ.

ನನ್ನ ತವರು ಮಲ್ಲೇಶ್ವರ. ನಮ್ಮ ಮನೆಯಲ್ಲಿ ಏಕಾದಶಿಯ ದಿನ ಬೆಕ್ಕಿಗೂ ಅರ್ಧ ಹಾಲೇ. ಅಂಥ ಮನೆಯಿಂದ, ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ, ಬಸವನಗುಡಿಗೆ ಸೊಸೆಯಾಗಿ ಬಂದೆ. ಬಂದ ಮೂರನೆಯ ದಿನವೇ ಮೊದಲ ಸಿಡಿಲು ಬಡಿಯಿತು.

ಸ್ನಾನ ಮುಗಿಸಿ ದೇವರ ಮನೆಯ ಮುಂದೆ ಕಣ್ಣುಮುಚ್ಚಿ, ಕೈಮುಗಿದು ನಿಂತಿದ್ದೆ. ಕಣ್ಣು ಬಿಟ್ಟರೆ ಅತ್ತೆ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಕೋಪವಿಲ್ಲ, ಕುಹಕವಿಲ್ಲ. ಸುಮ್ಮನೆ ಕುತೂಹಲ.

"ಏನು ಕೇಳ್ಕೊಂಡೆ?"

"ಎಲ್ರಿಗೂ ಒಳ್ಳೇದಾಗ್ಲಿ ಅಂತ, ಅತ್ತೆ."

"ಉತ್ತರ ಬಂತಾ?"

ಇದೆಂಥ ಪ್ರಶ್ನೆ!

"ನಂಗಂತೂ ಬರ್ಲಿಲ್ಲಮ್ಮ. ಅದಕ್ಕೇ ಕೇಳೋದು ಬಿಟ್ಟೆ. ನಿಂಗೆ ಬಂದ್ರೆ ಹೇಳು. ಈಗ ಬಾ, ಅನ್ನ ಬಸಿಬೇಕು," ಅಂದು ಒಳಗೆ ಹೋಗಿಯೇಬಿಟ್ಟರು.

ನೆಟ್ಟಗೆ ನಮ್ಮೆಜಮಾನರ ಹತ್ತಿರ ಓಡಿದೆ. ಅವರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು. "ರೀ, ನಿಮ್ಮಮ್ಮ ದೇವ್ರನ್ನ ನಂಬಲ್ವಂತೆ!" ಅಂದೆ, ಮನೆಗೆ ಬೆಂಕಿ ಬಿದ್ದಿದೆ ಅನ್ನುವ ದನಿಯಲ್ಲಿ. ಅವರು ಪೇಪರು ಇಳಿಸಲೂ ಇಲ್ಲ.

"ಓ, ಅದಾ? ಹೌದು. ಅಮ್ಮಂಗೆ ಬದನೆಕಾಯೀನೂ ದೇವ್ರೂ ಆಗಿಬರಲ್ಲ."

ಬದನೆಕಾಯಿಯ ಪಕ್ಕದಲ್ಲಿ ದೇವರನ್ನು ಕೂರಿಸಿದ ಈ ಮನೆಯಲ್ಲಿ ನಾನು ಬಾಳುವುದು ಹೇಗೆ ಶಿವನೇ ಅಂತ ಕಣ್ಣೊರೆಸಿಕೊಂಡೆ.

ಏನೋ ದೊಡ್ಡ ದುಃಖವಾಗಿರಬೇಕು, ಮಗು ಗಿಗು ಕಳೆದುಕೊಂಡಿರಬೇಕು, ಅದಕ್ಕೇ ಹೀಗೆ ಅಂತ ನಾನೇ ಒಂದು ಕಥೆ ಕಟ್ಟಿಕೊಂಡು ಮರುಗಿದೆ. ಒಂದು ದಿನ ತೆಂಗಿನಕಾಯಿ ತುರಿಯುತ್ತಾ ಮೆಲ್ಲಗೆ ಕೇಳಿಯೂ ಬಿಟ್ಟೆ.

ಅತ್ತೆ ನಕ್ಕರು. "ಎಲ್ರೂ ಇದನ್ನೇ ಕೇಳ್ತಾರೆ, ಯಾರು ಸತ್ರು ಅಂತ. ಯಾರೂ ಸಾಯ್ಲಿಲ್ಲ ಕಣೆ. ಒಂದಿನ ಬೆಳಿಗ್ಗೆ ಒಗ್ಗರಣೆ ಹಾಕ್ತಿದ್ದೆ. ಸಾಸಿವೆ ಚಟಪಟ ಅಂತಿತ್ತು. ಇದ್ದಕ್ಕಿದ್ದ ಹಾಗೆ ಇಲ್ಲ ಅನ್ನಿಸ್ತು."

"ಅಷ್ಟೇನಾ?"

"ಅಷ್ಟೇ. ಸಾರು ಮಾತ್ರ ಅವತ್ತು ಬಹಳ ಚೆನ್ನಾಗಿತ್ತು."

ಹೇಳಿ, ಇಂಥವರ ಮೇಲೆ ಮರುಕವಾದರೂ ಹೇಗೆ ಪಡುವುದು?

ಮಾವನವರು ಇದಕ್ಕೆ ಪೂರಾ ವಿರುದ್ಧ. ರಿಟೈರಾದ ಹೈಸ್ಕೂಲು ಮೇಷ್ಟ್ರು. ಬೆಳಿಗ್ಗೆ ಎರಡು ಗಂಟೆ ಹೊತ್ತು ಪೂಜೆ. ಅದಕ್ಕೆ ಬೇಕಾದ ಹೂವು, ಗಂಧ, ಮಡಿನೀರು, ನೈವೇದ್ಯ ಎಲ್ಲ ಹೊತ್ತಿಗೆ ಸರಿಯಾಗಿ ಇಡುತ್ತಿದ್ದವರು ನಂಬದ ಅತ್ತೆಯೇ! ಅದು ಸರಿ, ಮಾವನವರಾದರೂ ಹೇಗೆ ಸಹಿಸಿಕೊಂಡಿದ್ದರು? ಒಮ್ಮೆ ಧೈರ್ಯ ಮಾಡಿ, "ಮಾವ, ಅತ್ತೆ ಹೀಗಂತಾರಲ್ಲ, ನಿಮಗೆ ಬೇಜಾರಾಗಲ್ವಾ?" ಅಂದೆ. ಅವರು ಕನ್ನಡಕ ಒರೆಸುತ್ತಾ, "ನನ್ನ ಪೂಜೆ ಒಂದೇ ಗಂಟೇದಮ್ಮ. ಇನ್ನೊಂದು ಗಂಟೆ ಅವಳ ಪಾಲಿಂದು. ಅವಳಿಗೆ ಹೇಳ್ಬೇಡ, ನಗ್ತಾಳೆ," ಅಂದರು.

ಆಗಿನ ಬಸವನಗುಡಿಯಲ್ಲಿ ಇನ್ನೊಂದು ವಿಶೇಷವಿತ್ತು. ಬೆಳಕು ಹರಿಯುವ ಮುಂಚೆ ದೈವಭಕ್ತರೆಲ್ಲ ಕೈಯಲ್ಲೊಂದು ಕೊಕ್ಕೆ, ಬುಟ್ಟಿ ಹಿಡಿದು ಕಂಡವರ ಕಾಂಪೌಂಡಿನ ಹೂವು ಕೊಯ್ಯಲು ಹೊರಡುತ್ತಿದ್ದರು. ಬಾಯಲ್ಲಿ ಸ್ತೋತ್ರ, ಕೊಕ್ಕೆಯ ತುದಿಯಲ್ಲಿ ಪಕ್ಕದ ಮನೆಯ ದಾಸವಾಳ! ನಮ್ಮ ಎದುರು ಮನೆಯ ಅಜ್ಜಿಯ ನಂದಬಟ್ಟಲು ಗಿಡವಂತೂ ಪಾಪ, ಸೂರ್ಯ ಹುಟ್ಟುವ ಹೊತ್ತಿಗೆ ಬೋಳಾಗಿ ನಿಂತಿರುತ್ತಿತ್ತು. ಒಂದು ದಿನ ನಮ್ಮ ಗಿಡದಲ್ಲಿ ಹೂವಿಲ್ಲ ಅಂತ ಅತ್ತೆ ಎದುರು ಮನೆಯ ಕದ ತಟ್ಟಿ, "ಅಜ್ಜಿ, ನಾಲ್ಕು ಹೂವು ಕೊಯ್ಕೊಳ್ಲಾ?" ಅಂತ ಕೇಳಿದರು. ಅಜ್ಜಿ ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟರಂತೆ. ಆಮೇಲೆ ನನ್ನ ಹತ್ತಿರ ಬಂದು ಅಂದರು: "ಈ ಗಿಡ ನೆಟ್ಟು ಇಪ್ಪತ್ತು ವರ್ಷ ಆಯ್ತು ಕಣೆ. ಮೊದಲ್ನೇ ಸಲ ಒಬ್ರು ಕೇಳಿ ಕೊಯ್ದಿದ್ದು. ಅದೂ ನಿಮ್ಮತ್ತೆ! ನಂಗೆ ಯಾಕೋ ಭಯ ಆಗ್ತಿದೆ."

ನನ್ನ ಮೈದುನನೂ ನಾಸ್ತಿಕನೇ. ಆದರೆ ಅವನದು ಬೇರೆ ಜಾತಿಯ ನಾಸ್ತಿಕತೆ. ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ. ದೇವರಿಲ್ಲ ಅಂತ ಗಾಂಧಿಬಜಾರಿನ ಹೋಟೆಲಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದ. ಮೇಜಿನ ಮೇಲಿನ ಕಾಫಿಯೆಲ್ಲ ಚೆಲ್ಲಿದ ಮೇಲೆ ಮನೆಗೆ ಬರುತ್ತಿದ್ದ. ಅವನಿಗೆ ತಾಯಿ ತನ್ನ ಪಕ್ಷದವಳು ಅಂತ ಭಾರಿ ಹೆಮ್ಮೆ. ಒಂದು ಸಂಜೆ ಟೌನ್ ಹಾಲಿನಲ್ಲಿ ಯಾರೋ ವಿಚಾರವಾದಿಗಳ ಭಾಷಣವಿದೆ ಅಂತ ಅತ್ತೆಯನ್ನು ಜಟಕಾ ಮಾಡಿ ಕರೆದುಕೊಂಡು ಹೋದ. ನಾನೂ ಬಾಗಿಲಲ್ಲಿ ನಿಂತು, ಇನ್ನು ಈ ಮನೆ ಕೈತಪ್ಪಿಹೋಯಿತು ಅಂದುಕೊಂಡೆ.

ವಾಪಸು ಬಂದ ಅತ್ತೆ ಕಾಲು ತೊಳೆದು ಕೂತರು. "ಹೇಗಿತ್ತಮ್ಮಾ?" ಅಂದ ಮೈದುನ.

"ಒಬ್ರು ಮೇಲೆ ಕೂತು ಒಂದೂವರೆ ಗಂಟೆ ಹೇಳಿದ್ರು. ಮಿಕ್ಕೋರೆಲ್ಲ ಕೈಕಟ್ಕೊಂಡು ತಲೆ ಆಡಿಸಿದ್ರು. ಪ್ರಸಾದ ಒಂದೇ ಕಮ್ಮಿ."

ಅಷ್ಟಕ್ಕೇ ಮುಗಿಯಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಒಂದು ಶನಿವಾರ ಮೈದುನ ಹಣೆಯ ಮೇಲೆ ಸಿಂಧೂರ ಒರೆಸಿದ ಗುರುತಿಟ್ಟುಕೊಂಡು ಮನೆಗೆ ಬಂದ! ನಮ್ಮ ಕೇರಿಯಲ್ಲಿ ಯಾರಾದರೂ ನೋಡಿಯಾರು ಅಂತ ಹನುಮಂತನಗರದ ಗುಡ್ಡದ ಗುಡಿಯವರೆಗೂ ಸೈಕಲ್ ತುಳಿದಿದ್ದನಂತೆ. ಅತ್ತೆ ಸೆರಗಿನ ತುದಿಯಿಂದ ಅವನ ಹಣೆ ಒರೆಸಿ, "ನಂಬದೇ ಇರೋದು ಅಷ್ಟು ಸುಲಭ ಅಲ್ಲ ಕಣೋ. ನೀನಿನ್ನೂ ಚಿಕ್ಕವನು, ಹೋಗಿ ಬಾ ದೇವಸ್ಥಾನಕ್ಕೆ," ಅಂದರು.

ಆದರೆ ನನ್ನ ಜೀವಮಾನದ ದೊಡ್ಡ ಗಾಬರಿ ಆದದ್ದು ಮಾವನವರ ತಂದೆಯ ತಿಥಿಯ ದಿನ. ಚಾಮರಾಜಪೇಟೆಯಿಂದ ನಮ್ಮ ಮನೆಗೆ ತಲೆಮಾರಿನಿಂದ ಬರುತ್ತಿದ್ದ ಮುದುಕ ಶಾಸ್ತ್ರಿಗಳು ಊಟ ಮಾಡುತ್ತಿದ್ದರು. ಮಾವನವರು ಏನೋ ತರಲು ಒಳಗೆ ಹೋಗಿದ್ದರು. ಶಾಸ್ತ್ರಿಗಳು ಲೋಕಾಭಿರಾಮವಾಗಿ, "ಏನಮ್ಮಾ, ಯಜಮಾನ್ರೂ ರಿಟೈರಾದ್ರು. ಕಾಶಿಗೆ ಹೋಗಿಬರೋ ಆಸೆ ಇಲ್ವೇ?" ಅಂದರು.

"ಇಲ್ಲ ಶಾಸ್ತ್ರಿಗಳೇ. ನಂಗೆ ನಂಬಿಕೆ ಇಲ್ಲ," ಅಂದರು ಅತ್ತೆ, ಉಪ್ಪು ಇಲ್ಲ ಅಂದಷ್ಟು ಸಲೀಸಾಗಿ.

ನನ್ನ ಕೈಯಲ್ಲಿದ್ದ ಸೌಟು ಠಣ್ ಅಂತ ಕೆಳಗೆ ಬಿತ್ತು. ಬ್ರಾಹ್ಮಣರು ಎಲೆ ಬಿಟ್ಟು ಎದ್ದರೆ ಗತಿಯೇನು! ಶಾಸ್ತ್ರಿಗಳು ತುತ್ತು ಹಿಡಿದ ಕೈ ನಿಲ್ಲಿಸಿದರು. ಒಳಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಅಂದರು:

"ನೀವು ಪುಣ್ಯವಂತರಮ್ಮ. ಬಾಯಿಬಿಟ್ಟು ಹೇಳ್ಕೋತೀರಿ. ನಾನು ಹೇಳಿದ್ರೆ ನಾಳೆಯಿಂದ ನಮ್ಮನೇಲಿ ಒಲೆ ಹತ್ತಲ್ಲ."

ಅಂದರೆ? ಅಂದರೆ ಶಾಸ್ತ್ರಿಗಳೂ? ಇಷ್ಟು ವರ್ಷ ಮಾಡಿಸಿದ ಮದುವೆ, ಮುಂಜಿ, ತಿಥಿ ಎಲ್ಲ? ನನ್ನ ಮದುವೆ? ಸಂಜೆ ಅತ್ತೆಯ ಹತ್ತಿರ, "ಹಾಗಾದ್ರೆ ಇವತ್ತು ಬಡಿಸಿದ್ದು ಪಿತೃಗಳಿಗೆ ತಲುಪ್ತೋ ಇಲ್ವೋ?" ಅಂತ ಅಳುಮುಖದಲ್ಲಿ ಕೇಳಿದೆ.

"ಶಾಸ್ತ್ರಿಗಳಿಗಂತೂ ತಲುಪ್ತು. ಮೂರು ಸಲ ವಡೆ ಹಾಕಿಸ್ಕೊಂಡ್ರು ನೋಡ್ಲಿಲ್ವಾ?"

ಹೀಗೆ ಬೆಚ್ಚಿ ಬೀಳುತ್ತಲೇ ಏಳೆಂಟು ವರ್ಷ ಕಳೆದೆ. ಮೈದುನನಿಗೆ ಬೇರೆ ಊರಿನಲ್ಲಿ ಕೆಲಸವಾಯಿತು. ನನಗೊಬ್ಬಳು ಮಗಳು ಹುಟ್ಟಿದಳು. ಅಷ್ಟರಲ್ಲಿ ಒಂದು ದಿನ ಮಾವನವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋಯಿತು. ಮಾತು ಮುದ್ದೆಯಾಯಿತು. ದೇವರ ಮನೆಯ ಎದುರಿನ ನಡುಮನೆಯಲ್ಲೇ ಮಂಚ ಹಾಕಿದೆವು.

ಪೂಜೆ ನಮ್ಮೆಜಮಾನರ ಪಾಲಿಗೆ ಬಂತು. ಅವರ ನಂಬಿಕೆಯನ್ನು ನಾನೇ ಹೇಳಬೇಕು: ದೊಡ್ಡ ಗಣಪತಿ ದೇವಸ್ಥಾನದ ಮುಂದೆ ಸೈಕಲ್ಲಿನಿಂದ ಇಳಿಯದೆ ಒಂದು ಕೈಯಲ್ಲಿ ಕೆನ್ನೆ ಮುಟ್ಟಿಕೊಳ್ಳುವಷ್ಟು. ಒಂದು ಕಣ್ಣು ಗಡಿಯಾರದ ಮೇಲಿಟ್ಟು ಏಳು ನಿಮಿಷದಲ್ಲಿ ಪೂಜೆ ಮುಗಿಸಿ ಆಫೀಸಿಗೆ ಓಡಿದರು. ಮಾವನವರು ಮುಖ ಗೋಡೆಯ ಕಡೆ ತಿರುಗಿಸಿದರು. ಗಂಜಿ ಹಿಡಿದು ಹೋದರೆ ಬಾಯಿ ಬಿಡಲಿಲ್ಲ. ಮರುದಿನವೂ ಹಾಗೇ. ಮೂರನೆಯ ದಿನ ಡಾಕ್ಟರು ಅತ್ತೆಯನ್ನು ಆಚೆಗೆ ಕರೆದು, "ಹೀಗೇ ಊಟ ಬಿಟ್ರೆ ನನ್ನ ಔಷಧಿ ಏನೂ ಮಾಡಲ್ಲ," ಅಂದು ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಂಡದ್ದೇನು! ಅತ್ತೆ ಮಡಿಸೀರೆಯುಟ್ಟು ದೇವರ ಮನೆಯೊಳಗೆ ಮಾವನವರ ಮಣೆಯ ಮೇಲೆ ಕೂತಿದ್ದಾರೆ. ಕೈ ಸಾಲಿಗ್ರಾಮದ ಸಂಪುಟದ ಮೇಲಿದೆ!

"ಅತ್ತೆ! ಸಾಲಿಗ್ರಾಮ! ಹೆಂಗಸರು ಮುಟ್ಟಬಾರದು!"

"ಅದು ನಂಬೋ ಹೆಂಗಸರಿಗೆ. ನಾನು ನಂಬಲ್ಲವಲ್ಲ."

ಈ ತರ್ಕಕ್ಕೆ ಯಾವ ಶಾಸ್ತ್ರದಲ್ಲಿ ಉತ್ತರವಿದೆಯೋ ನನಗೆ ತಿಳಿಯದು. ಆದರೂ ಅತ್ತೆ ಮಂಚದ ಕಡೆ ತಿರುಗಿ ಕಾದರು. ಮಾವನವರು ತುಂಬ ಹೊತ್ತು ಅವರನ್ನು ನೋಡಿದರು. ಕಡೆಗೆ ಒಮ್ಮೆ ತಲೆಯಾಡಿಸಿದರು.

ಅತ್ತೆ ಶುರು ಮಾಡಿದರು. ಒಂದು ಮಂತ್ರ ತಪ್ಪಲಿಲ್ಲ. ನಲವತ್ತು ವರ್ಷ ಅಡಿಗೆಮನೆಯಿಂದ ಕೇಳಿಸಿಕೊಂಡದ್ದು ಪೂರ್ತಿ ಬಾಯಿಗೆ ಬಂದಿತ್ತು. ಅದೇ ರಾಗ, ಅದೇ ನಿಲುಗಡೆ. ಮಾವನವರು ಮಧ್ಯೆ ಎಲ್ಲೆಲ್ಲಿ ಕೆಮ್ಮುತ್ತಿದ್ದರೋ ಅಲ್ಲಲ್ಲಿ ಇವರೂ ಒಂದು ಗಳಿಗೆ ನಿಲ್ಲುತ್ತಿದ್ದರು, ಕೆಮ್ಮಿಗೆ ಜಾಗ ಬಿಟ್ಟ ಹಾಗೆ! ಸಂಕಲ್ಪ ಬಂದಾಗ ಗೋತ್ರ, ನಕ್ಷತ್ರ ಹೇಳಿ, ಗಟ್ಟಿಯಾಗಿ ಮಾವನವರ ಹೆಸರು ಹೇಳಿದರು. ಗಂಡನ ಹೆಸರು! ರೇಷನ್ ಕಾರ್ಡಿನವರು ಬಂದು ಕೇಳಿದಾಗ ತಾವು ಹೇಳದೆ ಮಗನನ್ನು ಕೂಗಿ ಹೇಳಿಸಿದ್ದ ಅತ್ತೆ! ಮಂಚದ ಮೇಲೆ ಮಾವನವರ ಸ್ವಾಧೀನದಲ್ಲಿದ್ದ ಅರ್ಧ ಮುಖ ಅರಳಿತು. ಅವತ್ತು ಎರಡು ಲೋಟ ಗಂಜಿ ಕುಡಿದರು.

ಸುದ್ದಿ ಹಬ್ಬಿತು. ಎದುರು ಮನೆಯ ಅಜ್ಜಿ ಓಡಿ ಬಂದು, "ಅಂತೂ ನಿಂಗೆ ನಂಬಿಕೆ ಬಂತಲ್ಲೇ!" ಅಂದರು.

"ಇಲ್ವಲ್ಲ ಅಜ್ಜಿ."

"ಮತ್ತೆ ಎರಡು ಗಂಟೆ ಪೂಜೆ ಯಾತಕ್ಕೆ?"

"ಅವ್ರಿಗೆ ಊಟ ಸೇರ್ಬೇಕಲ್ಲ?"

ಅತ್ತೆಗೆ ಕಷ್ಟವೇ ಇರಲಿಲ್ಲವೆ? ಅದನ್ನೂ ಕೇಳಿದೆ. "ಕಷ್ಟಾನೇ," ಅಂದರು. "ಸುಳ್ಳು ಹೇಳ್ತಿದೀನೇನೋ ಅಂತ ಒಳಗೆ ಚುಚ್ಚತ್ತೆ. ಅದಕ್ಕೇ ನನ್ನ ಹೆಸರು ಹೇಳಲ್ಲ, ಅವರದ್ದೇ ಹೇಳ್ತೀನಿ. ಬಾಯಿ ಮಾತ್ರ ನಂದು, ಪೂಜೆ ಅವರದ್ದು."

ಮಾವನವರು ಇನ್ನೂ ಎರಡು ವರ್ಷ ಬದುಕಿದರು. ಒಂದು ದಿನವೂ ಪೂಜೆ ನಿಲ್ಲಲಿಲ್ಲ. ಅವರು ಹೋದ ಮೇಲೆ, ಕರ್ಮಗಳೆಲ್ಲ ಮುಗಿದ ಮಾರನೆಯ ದಿನ, ಅತ್ತೆ ದೇವರ ಮನೆಯನ್ನು ಮಗನಿಗೆ ಒಪ್ಪಿಸಿ, "ಇನ್ನು ನಿನ್ನ ಏಳು ನಿಮಿಷ ಸಾಕಪ್ಪ," ಅಂದರು. ಆಮೇಲೆ ಆ ಮಣೆಯ ಮೇಲೆ ಕೂರಲಿಲ್ಲ. ತಾವು ಹೋಗುವವರೆಗೂ ನಂಬಲೂ ಇಲ್ಲ.

ಆದರೆ ಆ ಎರಡು ವರ್ಷದಲ್ಲಿ ಒಂದು ಬೆಳಿಗ್ಗೆ ನಾನು ಕಂಡದ್ದನ್ನು ಹೇಳಬೇಕು.

ಪೂಜೆ ಮುಗಿಸಿ ಅತ್ತೆ ದಿನವೂ ಮಂಗಳಾರತಿ ತಟ್ಟೆಯನ್ನು ಮಂಚದ ಹತ್ತಿರ ತರುತ್ತಿದ್ದರು. ಮಾವನವರ ಬಲಗೈ ಏಳದು. ಅದಕ್ಕೆ ಅತ್ತೆಯೇ ತಮ್ಮ ಅಂಗೈಯನ್ನು ಉರಿಯ ಮೇಲೆ ಹಿಡಿದು ಅವರ ಕಣ್ಣಿಗೆ ಒತ್ತುತ್ತಿದ್ದರು. ಆಮೇಲೆ ತಟ್ಟೆ ನನಗೆ, ಮಗುವಿಗೆ. ತಾವು ಮಾತ್ರ ತೆಗೆದುಕೊಂಡದ್ದನ್ನು ನಾನು ಕಾಣೆ. ಆ ದಿನ ತಟ್ಟೆ ಹಿಡಿದು ಈಚೆ ತಿರುಗುವಾಗ ಮಾವನವರ ಗಂಟಲಿನಿಂದ ಏನೋ ಸದ್ದು ಬಂತು. "ನಿಲ್ಲು" ಅಂದಿದ್ದರು.

ಹೊದಿಕೆಯೊಳಗಿಂದ ಅವರ ಎಡಗೈ ಹೊರಗೆ ಬಂತು. ಯಾರಾದರೂ ಎಡಗೈಯಲ್ಲಿ ಉಪ್ಪಿನ ಬಟ್ಟಲು ಸರಿಸಿದರೂ ಎಲೆಯ ಮುಂದಿನಿಂದ ಎದ್ದುಹೋಗುತ್ತಿದ್ದ ಮನುಷ್ಯ! ಆ ಕೈ ಉರಿಯ ಮೇಲೆ ಬಂತು, ಒಂದು ಗಳಿಗೆ ನಿಂತಿತು. ಆಮೇಲೆ ಅತ್ತೆಯ ಮುಖದ ಕಡೆ ಎದ್ದಿತು. ಎಟುಕಲಿಲ್ಲ. ಗೇಣುದ್ದದ ದೂರದಲ್ಲಿ ಹಾಗೇ ತೂಗುತ್ತಾ ನಿಂತಿತು.

ಅತ್ತೆ ಈಗೇನೋ ಅನ್ನುತ್ತಾರೆ, ನಗುತ್ತಾರೆ ಅಂದುಕೊಂಡೆ. ಅವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ನೋಯುವ ಮಂಡಿಯನ್ನು ನಿಧಾನವಾಗಿ ಮಡಿಸಿ ಮಂಚದ ಪಕ್ಕ ನೆಲಕ್ಕೆ ಕೂತರು. ಆ ಕೈಗೆ ಎಟುಕುವಷ್ಟು ತಲೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡರು.