ಲಿಂಕು ನೋಡುವ ಹುಡುಗ

ನಾನು ಮಾಡುವ ಕೆಲಸವನ್ನು ಬಿಡಿಸಿ ಹೇಳಿದಷ್ಟೂ ಗಂಟಾಗುತ್ತದೆ. ಮಧುಗಿರಿಯಲ್ಲಿ ಟೀ ಅಂಗಡಿಯೊಂದರ ಮಹಡಿ ಮೇಲೆ ಕೂತು ಸುತ್ತಲಿನ ವ್ಯಾಪಾರಸ್ಥರ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ನೆಟ್ಟಿನಲ್ಲಿ ಯಾರಾದರೂ ಹುಡುಕಿದರೆ ನಮ್ಮ ಗಿರಾಕಿಯ ಅಂಗಡಿ ಮೊದಲು ಕಾಣಬೇಕು. ಅದಕ್ಕೆ ಬೇರೆ ಸೈಟಿನವರು 'ಅಲ್ಲಿ ಹೋಗಿ ನೋಡಿ' ಎಂದು ಇವರ ಕಡೆ ಬೆರಳು ತೋರಿಸಿ ಒಂದು ಲಿಂಕ್ ಕೊಟ್ಟಿರಬೇಕು. ಕೊಟ್ಟವರು ಎಂಥವರು, ಆ ಲಿಂಕಿಗೆ ಬೆಲೆ ಇದೆಯೋ ಇಲ್ಲವೋ ಎಂದು ಅಳೆಯುವುದೇ ನನ್ನ ಹೊಟ್ಟೆಪಾಡು.

ಇಷ್ಟು ಹೇಳುವಷ್ಟರಲ್ಲಿ ಹೆಣ್ಣಿನ ಕಡೆಯವರು ಕಾಫಿ ಮುಗಿಸಿ ಎದ್ದಿರುತ್ತಿದ್ದರು. ಹೀಗೆಯೇ ಎರಡು ಸಂಬಂಧ ತಪ್ಪಿದವು. ಮೂರನೆಯದು ಪಾವಗಡದ ಕಡೆಯದು. ಹುಡುಗಿ ನನಗೆ ತುಂಬಾ ಹಿಡಿಸಿದ್ದಳು. ಅವರಪ್ಪ "ನಾಲ್ಕು ಜನರ ಹತ್ರ ವಿಚಾರಿಸಿ ಹೇಳ್ತೀವಿ" ಎಂದು ಹೋಗಿದ್ದರು. ಅವರು ವಿಚಾರಿಸುತ್ತಿದ್ದ ದಿನಗಳಲ್ಲೇ ಇದೆಲ್ಲ ನಡೆಯಬೇಕೇ!

ಹೆಬ್ಬೆಟ್ಟು

ಬಾಗಿಲಿಗೆ 'ಲಿಂಕ್ ಪರಿಶೀಲಿಸಲಾಗುವುದು' ಎಂದು ಬೋರ್ಡು ಹಾಕಿದ್ದೆ. ಐ.ಡಿ.ಹಳ್ಳಿಯ ಅಜ್ಜಿಯೊಬ್ಬರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟು, ನನ್ನ ಮೌಸಿನ ಮೇಲೆ ಹೆಬ್ಬೆಟ್ಟು ಒತ್ತಿ ಕೂತುಬಿಟ್ಟರು.

"ಬತ್ತಾ ಇಲ್ವೇನಪ್ಪಾ? ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವುದೋಗವೆ."

"ಅಜ್ಜಿ, ಇದು ಆಧಾರ್ ಲಿಂಕ್ ಅಲ್ಲ. ಯಾರಿಗೆ ಯಾರಿಂದ ಲಿಂಕ್ ಐತೆ, ಅದು ಒಳ್ಳೇದೋ ಕೆಟ್ಟದ್ದೋ, ಅದನ್ನ ನೋಡೋನು ನಾನು."

ಅಜ್ಜಿ ಹೆಬ್ಬೆಟ್ಟು ಹಿಂದಕ್ಕೆಳೆದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಊರೋರ ಲಿಂಕೆಲ್ಲ ನಿಂಗ್ಯಾಕ್ಲಾ? ಮದ್ವೆ ಆಗೈತಾ?"

"ಇಲ್ಲಜ್ಜಿ."

"ಅದುಕ್ಕೇಯ!"

ಸಂಬಂಧ ಇರುವ ಲಿಂಕು

ಶಿರಾದಲ್ಲಿ ಹಾಸಿಗೆ, ರಜಾಯಿ ಹೊಲಿಸುವ ಸಾಹೇಬರೊಬ್ಬರು ನನ್ನ ಗಿರಾಕಿ. ಯಾವನೋ ವಾಟ್ಸಾಪಿನಲ್ಲಿ ಅವರಿಗೆ ಐನೂರು ಲಿಂಕ್ ಮಾರಿದ್ದ. ತೆಗೆದು ನೋಡಿದರೆ ಜೂಜಿನ ಸೈಟು, ಬೋಳುತಲೆಗೆ ಎಣ್ಣೆ ಮಾರುವ ಸೈಟು, ಯಾವ ದೇಶದ ಲಿಪಿಯೋ ತಿಳಿಯದ ಇನ್ನೊಂದು.

"ಇದಕ್ಕೆಲ್ಲ ಬೆಲೆ ಇಲ್ಲ ಸಾಹೇಬ್ರೇ."

"ಅರೆ! ಐನೂರು ಜನ ಸಲಾಂ ಹೊಡೀತವ್ರೆ, ಇಜ್ಜತ್ ಅಲ್ವಾ?"

"ಅವರು ದುಡ್ಡು ಕೊಟ್ಟೋರಿಗೆಲ್ಲ ಸಲಾಂ ಹೊಡಿಯೋರು. ಸಂಬಂಧ ಇಲ್ದಿರೋ ಲಿಂಕ್ ಐನೂರಿದ್ರೂ ದಂಡ. ಸಂಬಂಧ ಇರೋದು ಒಂದೇ ಸಾಕು. ಶಾದಿ ಮಹಲ್‌ನೋರ ಹತ್ರ ಕೇಳಿ, ಅವರಿಗೂ ಹಾಸಿಗೆಗೂ ಸಂಬಂಧ ಐತಲ್ಲ."

ಸಾಹೇಬರು ಗಡ್ಡ ನೀವಿಕೊಂಡು ಹೋದರು. ಕೆಲವು ದಿನ ಕಳೆದು ಖುಷಿಯಲ್ಲಿ ಫೋನ್ ಮಾಡಿದರು.

"ಭಾಯ್, ಶಾದಿ ಮಹಲ್‌ನೋರ ಮಗಳನ್ನ ನಮ್ಮ ತಮ್ಮನ ಮಗನಿಗೆ ತಂದ್ಕೊಂಡ್ವಿ. ನೀವು ಹೇಳಿದ್ಹಂಗೇ ಸಂಬಂಧ ಆಯ್ತು. ಈಗ ಲಿಂಕ್ ಪಕ್ಕಾ!"

ಹೋಗಿ ಬಿರಿಯಾನಿ ಉಂಡು ಬಂದೆ. ನನ್ನ ಬಾಯಿಂದ ಎಲ್ಲರಿಗೂ ಮದುವೆಯಾಗುತ್ತಿತ್ತು, ನನ್ನನ್ನು ಬಿಟ್ಟು. ಲಿಂಕ್ ಮಾತ್ರ ಇನ್ನೂ ಬಂದಿಲ್ಲ.

ಫಾರಿನ್ ಲಿಂಕು

ಕೊರಟಗೆರೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ಯಜಮಾನರಿಗೆ ಫೋನ್ ಮಾಡಿದೆ. ಅವರು ಊಟಕ್ಕೆ ಕೂತು, ಸ್ಪೀಕರ್ ಹಾಕಿ ಫೋನನ್ನು ಪಕ್ಕಕ್ಕಿಟ್ಟಿದ್ದರಂತೆ. ನನಗೇನು ಗೊತ್ತು?

"ಸಾರ್, ನಿಮ್ಮ ಹಳೇ ಲಿಂಕ್‌ಗಳೆಲ್ಲ ನಂಗೆ ಗೊತ್ತಾಗಿದಾವೆ. ಬಾಳ ಅಸಹ್ಯ ಇದಾವೆ. ಕೆಲವು ಫಾರಿನ್ನವು. ಮೊದ್ಲು ಕಡ್ಕೊಳ್ಳಿ, ಇಲ್ಲಾಂದ್ರೆ ಹೆಸರು ಕೆಡುತ್ತೆ."

ಅತ್ತ ಕಡೆ ಸೌಟು ಬಿದ್ದ ಸದ್ದು. ಆಮೇಲೆ ಹೆಂಗಸಿನ ದನಿ, "ಫಾರಿನ್ನೂ ಬೇರೆಯಾ?"

ಫೋನ್ ಕಟ್ಟಾಯಿತು. ಯಜಮಾನರು ಸಂಜೆ ಅಂಗಡಿಯ ಸೀರೆ ಮೂಟೆಗಳ ಮಧ್ಯದಿಂದ ಮಾತಾಡಿದರು. "ಇವತ್ತು ನಾನು ಇಲ್ಲೇ ಮಲಗೋದು ಕಣಪ್ಪ. ನಾಳೆ ನೀನೇ ನಮ್ಮನೆಯವ್ಳಿಗೆ ಬಿಡಿಸಿ ಹೇಳು."

ವಿಚಾರಣೆ

ಮರುದಿನ ನನ್ನ ಮಹಡಿಯಿಂದಲೇ ಯಜಮಾನರ ಹೆಂಡತಿಗೆ ಫೋನಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಗಟ್ಟಿಯಾಗಿಯೇ.

"ಅಮ್ಮಾ, ಆ ಲಿಂಕ್‌ಗಳನ್ನ ನಿಮ್ಮ ಯಜಮಾನ್ರು ಬೇಕೂಂತ ಮಾಡ್ಕೊಂಡಿದ್ದಲ್ಲ, ತಾವಾಗೇ ಬಂದು ಗಂಟುಬಿದ್ದಿರೋದು. ನಾನೇ ಬಿಡಿಸ್ತೀನಿ. ದಿನಾ ಇದೇ ಕೆಲಸ ನಂದು."

ತಿರುಗಿ ನೋಡಿದರೆ ಬಾಗಿಲಲ್ಲಿ ಪಾವಗಡದ ಹುಡುಗಿಯ ಅಪ್ಪ ನಿಂತಿದ್ದರು. ಮೂರನೆಯದೂ ಹೋಯಿತು ಎಂದುಕೊಂಡೆ. ಅಳುವೇ ಬಂತು.

ಅವರು ಕುರ್ಚಿ ಎಳೆದುಕೊಂಡು ಕೂತು, ತಮ್ಮ ಸೀಮೆಯ ತೆಲುಗು ಬೆರೆಸಿ ಶುರುಮಾಡಿದರು. "ಅಬ್ಬಾಯಿ, ಮದ್ವೆ ದಲ್ಲಾಳಿ ತೋರ್ಸಿದೋರ್ನೆಲ್ಲ ಕೇಳ್ದೆ. ಅಂದರೂ ಒಕಟೇ ಮಾಟ, ಎಲ್ರುದೂ ಒಂದೇ ಮಾತು, 'ಹುಡುಗ ಅಪರಂಜಿ' ಅಂತ. ಒಂದಕ್ಷರ ಆಚೀಚೆ ಇಲ್ಲ. ಹೇಳ್ಕೊಟ್ಟಿದ್ದು ಅಂತ ತಿಳೀತು. ಕೆಳ್ಗಡೆ ಟೀ ಅಂಗ್ಡಿಯೋನ್ನ ಸುಮ್ನೆ ಕೇಳ್ದೆ. ಅವ್ನು, 'ಹುಡುಗ ಒಳ್ಳೇವ್ನು, ಏನ್ ಕೆಲ್ಸ ಮಾಡ್ತಾನೋ ನಂಗೆ ಗೊತ್ತಿಲ್ಲ, ಅವ್ನಿಗೂ ಗೊತ್ತಿದ್ದಂಗಿಲ್ಲ' ಅಂದ. ಅದೊಂದೇ ನಿಜ ಅನ್ನುಸ್ತು."

ನಾನು ಎದ್ದು ನಿಂತೆ. "ಇದೇ! ಇದೇ ನನ್ನ ಕೆಲಸ! ದಲ್ಲಾಳಿ ಹೇಳಿಸಿದ ಹತ್ತು ಮಾತಿಗೆ ಬೆಲೆ ಇಲ್ಲ. ಏನೂ ಲಾಭ ಇಲ್ದೋನು ತಾನಾಗೇ ಹೇಳಿದ ಒಂದು ಮಾತಿಗೆ ಬೆಲೆ. ಯಾವುದಕ್ಕೆ ಸಂಬಂಧ ಐತೆ, ಯಾವುದಕ್ಕಿಲ್ಲ, ಅದನ್ನೇ ನಾನು ದಿನಾ ನೋಡೋದು!"

ಅವರು ಯೋಚಿಸಿದರು. ಮೆಲ್ಲಗೆ ಮುಖ ಅರಳಿತು.

"ಓಹೋ! ನೀನು ಸಂಬಂಧ ನೋಡೋನು ಅನ್ನು! ಪುಣ್ಯದ ಕೆಲ್ಸ. ಅದನ್ನ ಮೊದ್ಲೇ ಹೇಳೋಕೇನು?"

ತಿದ್ದಲು ಬಾಯಿ ತೆರೆದೆ. ಹುಡುಗಿಯ ಮುಖ ನೆನಪಾಯಿತು. ಮುಚ್ಚಿಕೊಂಡೆ.

ಮದುವೆಯಾಯಿತು. ಮಾವನವರು ಪಾವಗಡ ಸೀಮೆಗೆಲ್ಲ ಅಳಿಯನ ಕೆಲಸದ ಬಗ್ಗೆ ಹೇಳಿಕೊಂಡು ಬಂದರು. ಈಗ ಪ್ರತಿ ಭಾನುವಾರ ನಮ್ಮ ಮನೆಗೆ ಜಾತಕ ಹಿಡಿದವರು ಬರುತ್ತಾರೆ, ಹೆಂಡತಿ ನಗುತ್ತಲೇ ಕಾಫಿ ಕೊಡುತ್ತಾಳೆ. ಹೋದ ವಾರ ವಳ್ಳೂರಿನವರೊಬ್ಬರು ಮಗನ ಜಾತಕ ನನ್ನ ಮುಂದಿಟ್ಟರು. ಇವರಿಗಾದರೂ ನಿಜ ಹೇಳಿಬಿಡೋಣ ಎಂದು ಧೈರ್ಯ ಮಾಡಿದೆ.

"ಯಜಮಾನ್ರೇ, ನಾನು ಸಂಬಂಧ ನೋಡೋನಲ್ಲ. ಲಿಂಕ್ ನೋಡೋನು."

ಅವರು ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಪಿಸುಗುಟ್ಟಿದರು.

"ಲಿಂಕ್ ಅವ್ನಿಗೆ ಆಗ್ಲೇ ಐತೆ ನಾಯ್ನಾ. ಅದುಕ್ಕೇ ಬಿರ್ರನೆ ಒಂದು ಸಂಬಂಧ ನೋಡು ಅಂತಿರೋದು!"