ಕಿಟಕಿಗೆಂದು ನೇಯಿಸಿದ ಜಮಖಾನ

ನಾಚಿಕೆ ಯಾರ ಮನೆಗೆ ಯಾವ ಕಡೆಯಿಂದ ಬರುತ್ತದೆಂದು ಹೇಳಲು ಬರುವುದಿಲ್ಲ. ಕೆಲವರಿಗೆ ಮಕ್ಕಳಿಂದ ಬರುತ್ತದೆ, ಕೆಲವರಿಗೆ ಅಣ್ಣತಮ್ಮಂದಿರಿಂದ. ನನಗೆ ಕಿಟಕಿಯಿಂದ ಬಂತು. ಅದೂ ಹನ್ನೆರಡು ಅಡಿ ಅಗಲದ ಕಿಟಕಿ, ಆದ್ದರಿಂದ ಒಳಗೆ ಬರಲು ಅದಕ್ಕೆ ಇಕ್ಕಟ್ಟೇನೂ ಆಗಲಿಲ್ಲ. ನವಲಗುಂದದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವನು ನಾನು. ಹುಡುಗರು ಬಾಜೂದವನ ಉತ್ತರ ಕದ್ದು ಬರೆದರೆ, "ಲೇ, ತಪ್ಪು ಬರದ್ರೂ ಚಿಂತಿಲ್ಲ, ಸುಳ್ಳು ಬರೀಬ್ಯಾಡ" ಎಂದು ಕಿವಿ ಹಿಂಡುತ್ತಿದ್ದವನು. ಆ ಕಿವಿಗಳ ಒಡೆಯರು ಯಾರೂ ಇದನ್ನು ಓದದಿರಲಿ ಎಂದು ಬೇಡಿಕೊಂಡೇ ಬರೆಯುತ್ತಿದ್ದೇನೆ.

ಕಿಟಕಿಯ ಮೂಲ ನನ್ನ ಹೊಟ್ಟೆಕಿಚ್ಚು. ಹುಬ್ಬಳ್ಳಿಯಲ್ಲಿರುವ ನನ್ನ ಷಡ್ಡಕರ ಮನೆಯಲ್ಲಿ ಗೋಡೆಯಗಲದ ಕಿಟಕಿಯಿದೆ. ಅದರ ಮುಂದೆ ಕೂತು ಅವರು ಚಹಾ ಕುಡಿಯುವ ಗತ್ತು ನೋಡಿದ ದಿನವೇ, ನಾನು ಮನೆ ಕಟ್ಟಿಸಿದರೆ ಅದಕ್ಕಿಂತ ಒಂದಡಿ ಹೆಚ್ಚೇ ಇರಬೇಕೆಂದು ನಿಶ್ಚಯಿಸಿದೆ. ಮನೆ ಕಟ್ಟುವ ಗವಂಡಿ ನಕಾಶೆ ನೋಡಿ, "ಸರ, ಇಷ್ಟು ಅಗಲ ಯಾಕ್ರಿ? ಟ್ರ್ಯಾಕ್ಟರ್ ಒಳಗ ತರಾವ್ರೇನ್ರಿ?" ಎಂದು ಕೇಳಿದ್ದ. ಅವನಿಗೇನು ತಿಳಿಯುತ್ತದೆ ಎಂದುಕೊಂಡೆ. ಅವನಿಗೆ ತಿಳಿದಿತ್ತು, ನನಗೇ ತಿಳಿದಿರಲಿಲ್ಲ. ಷಡ್ಡಕರ ಕಿಟಕಿಯ ಮುಂದೆ ತೋಟವಿದೆ. ನನ್ನ ಕಿಟಕಿಯ ಮುಂದೆ ಓಣಿ, ಓಣಿಯಾಚೆ ಹಿಟ್ಟಿನ ಗಿರಣಿ.

ಗಿರಣಿಯೆಂದರೆ ಏನೆಂದು ಅದರ ಎದುರಿಗೆ ಇದ್ದವರಿಗೇ ಗೊತ್ತು. ಜೋಳದ ಡಬ್ಬಿ ಇಟ್ಟು ಪಾಳಿಗೆ ಕಾಯುವವರಿಗೆ ಅರ್ಧ ತಾಸು ನೋಡಲು ಏನಾದರೂ ಬೇಕು. ನಮ್ಮ ಮನೆ ಕಟ್ಟುವವರೆಗೆ ಅವರು ಪಾಪ, ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರಂತೆ. ಈಗ ನಾನು ಬನಿಯನ್ನಿನಲ್ಲಿ ಕೂತು ಉಪ್ಪಿಟ್ಟು ತಿನ್ನುವುದು, ನನ್ನ ಹೆಂಡತಿ ಗಿರಿಜಾ ನನಗೆ ಬೈಯುವುದು, ನಾನು ಬೈಸಿಕೊಂಡು ಚಪ್ಪಲಿ ಹುಡುಕುವುದು ಎಲ್ಲ ಅವರ ಕಣ್ಣೆದುರಿಗೇ. ಒಂದು ದಿನ ಪರಿಚಯವೇ ಇಲ್ಲದ ಹೆಣ್ಣುಮಗಳೊಬ್ಬಳು ದಾರಿಯಲ್ಲಿ ನಿಲ್ಲಿಸಿ, "ಮಾಸ್ತರ್ರ, ನಿನ್ನಿ ಉಪ್ಪಿಟ್ಟು ಹೊಂದಲಿಲ್ಲೇನ್ರಿ? ಅರ್ಧಾ ಬಿಟ್ರಿ" ಎಂದು ಕಾಳಜಿಯಿಂದ ವಿಚಾರಿಸಿದಳು. ಪರದೆ ಹಾಕಲೇಬೇಕೆಂದು ಅವತ್ತು ತೀರ್ಮಾನವಾಯಿತು.

ಹುಬ್ಬಳ್ಳಿಯ ಅಂಗಡಿಯವನು ಬಹಳ ಮರ್ಯಾದೆಯ ಮನುಷ್ಯ. ಸುತ್ತುವ ಬ್ಲೈಂಡು, ಪಟ್ಟಿಪಟ್ಟಿಯ ಬ್ಲೈಂಡು, ಬಿದಿರಿನದು ಎಲ್ಲವನ್ನೂ ತೋರಿಸಿದ. ಹನ್ನೆರಡು ಅಡಿ ಎಂದ ಕೂಡಲೇ ಅವನ ಮರ್ಯಾದೆ ಇನ್ನೂ ಹೆಚ್ಚಿತು, ಚಹಾ ತರಿಸಿದ. ಒಂದೇ ತುಂಡು ಹಾಕಿದರೆ ನಡುವೆ ಜೋತು ಬೀಳುತ್ತದೆ, ಮೂರು ಮಾಡಿಸಬೇಕು, ಮೂರಕ್ಕೂ ಬೇರೆ ಬೇರೆ ಸಲಕರಣೆ ಬೇಕು ಎಂದು ಕೂಡಿಸುತ್ತ ಹೋದ. ಚದರ ಅಡಿಯ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲ ನನಗೆ ಅವನಿಗಿಂತ ಮೊದಲೇ ಮೊತ್ತ ಹೊಳೆಯಿತು, ಅರ್ಧ ಚಹಾ ಕೆಳಗಿಟ್ಟೆ. ಅಷ್ಟು ದುಡ್ಡಿನಲ್ಲಿ ಇನ್ನೊಂದು ಕೋಣೆಯನ್ನೇ ಕಟ್ಟಿಸಬಹುದಿತ್ತು, ಕಿಟಕಿಯಿಲ್ಲದ್ದು. "ಅಳತಿ ಇನ್ನೊಮ್ಮೆ ಸರಿಯಾಗಿ ತರ್ತೇನ್ರಿ" ಎಂದು ಹೇಳಿ ಬಸ್ಸು ಹತ್ತಿದೆ. ಆ ಅಳತೆ ನನಗೆ ನನ್ನ ಹೆಸರಿನಷ್ಟೇ ಬಾಯಿಪಾಠವಾಗಿತ್ತು. ಆಮೇಲೆ ಗಿರಿಜಾಳ ಎರಡು ಹಳೆಯ ಸೀರೆಗಳನ್ನು ಜೋಡಿಸಿ ಹಾಕಿದೆವು. ಗಿರಣಿಯವರು ಬಾಗಿಲು ಬಡಿದು, "ಅಕ್ಕಾರ, ಸೀರಿ ಒಣಗ್ಯಾವ್ರಿ, ತಗೀರಿ" ಎಂದು ಎರಡು ಸಲ ಹೇಳಿ ಹೋದರು. ಮೂರನೆಯ ಸಲ ನಾನೇ ತೆಗೆದೆ.

ಆಗ ಕಣ್ಣಿಗೆ ಬಿದ್ದದ್ದು ಹುಸೇನಬಿ ಚಾಚಿಯ ಮಗ್ಗ. ಗಿರಣಿಯ ಬಾಜೂಕೆ ಚಾಚಿಯ ಮನೆ. ಬಾಗಿಲು ತೆರೆದಿದ್ದರೆ ನಮ್ಮ ಕಿಟಕಿಗೆ ನೇರವಾಗಿ ನಿಲುವು ಮಗ್ಗ ಕಾಣುತ್ತದೆ. ನಮ್ಮೂರಿನ ಜಮಖಾನದ ಹೆಸರು ಕೇಳದವರಿಲ್ಲ, ಆದರೆ ಈಗ ನೇಯುವ ಕೈಗಳು ಕಡಿಮೆ. ಅದರಲ್ಲಿ ಚಾಚಿಯ ಕೈ ಒಂದು. ಹನ್ನೆರಡು ಅಡಿಯ ಅಗಲ ಆಕೆಗೆ ಏನೂ ಅಲ್ಲ. ಆದರೆ ನಮ್ಮಲ್ಲಿ ಜಮಖಾನ ಇರುವುದು ಹಾಸಿ ಮಂದಿಯನ್ನು ಕೂಡಿಸಲಿಕ್ಕೆ. ಅದನ್ನು ಕಿಟಕಿಗೆ ಜೋತು ಹಾಕುತ್ತೇನೆ ಎಂದು ನೇಯುವವಳ ಎದುರಿಗೆ ಹೇಳುವುದು, ಹೋಳಿಗೆ ಮಾಡಿಕೊಟ್ಟವರಿಗೆ ಇದನ್ನು ಪಾತ್ರೆ ಮುಚ್ಚಲಿಕ್ಕೆ ಒಯ್ಯುತ್ತೇನೆ ಎಂದ ಹಾಗೆ. ಇನ್ನೊಂದು ಮಾತೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಓಣಿಯ ಹೆಣ್ಣುಮಕ್ಕಳ ಮದುವೆ ಕಾರ್ಯಕ್ಕೆ ನೇಯುವಾಗ ಚಾಚಿ ನೂಲಿನ ದುಡ್ಡಷ್ಟೇ ತೆಗೆದುಕೊಳ್ಳುತ್ತಾಳೆ, ಕೂಲಿ ಮುಟ್ಟುವುದಿಲ್ಲ. ಆಕೆಯ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ ಅದು. ಇದು ನನಗೆ ಗೊತ್ತಿತ್ತು.

ನಾನು ಹೋಗಿ, "ಚಾಚಿ, ಹನ್ನೆರಡು ಅಡಿದೊಂದು ಜಮಖಾನಿ ಬೇಕಾಗಿತ್ತು" ಎಂದೆ. ಆಕೆ ಕೆಲಸ ನಿಲ್ಲಿಸಿ, "ಅಷ್ಟು ದೊಡ್ಡದು? ಎಷ್ಟು ಮಂದಿ ಕೂಡ್ತಾರ್ರಿ?" ಎಂದಳು. ನಾನು ತಡವರಿಸಿದೆ. ಆಕೆಯ ಮುಖ ಒಮ್ಮೆಲೇ ಅರಳಿತು. "ಯಾ ಅಲ್ಲಾ! ವಿದ್ಯಾನ ನಿಶ್ಚಯ ಏನ್ರಿ ಮಾಸ್ತರ್ರ?" ವಿದ್ಯಾ ನನ್ನ ಒಬ್ಬಳೇ ಮಗಳು, ಗದಗಿನ ಬ್ಯಾಂಕಿನಲ್ಲಿ ಕೆಲಸ. ಎರಡು ಸಂಬಂಧ ಬಂದು ಹೋದ ಮೇಲೆ, ಇನ್ನು ತಾನಾಗಿ ಹೇಳುವವರೆಗೆ ಮದುವೆಯ ಮಾತು ಯಾರೂ ಎತ್ತಬಾರದೆಂದು ಕೈ ಮುಗಿದು ಕೇಳಿಕೊಂಡಿದ್ದಳು. ನಾನು ಆಕೆಯ ತಲೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡಿದ್ದೆ. ಇಷ್ಟೆಲ್ಲ ನೆನಪಿದ್ದೂ ಚಾಚಿಗೆ ನಾನು, "ಹೂಂ" ಎಂದೆ. ನನ್ನ ಇಡೀ ಸುಳ್ಳು ಅಷ್ಟೇ.

ಆಮೇಲಿನ ಎರಡು ತಿಂಗಳು ನಾನು ಅನುಭವಿಸಿದ್ದು ನನ್ನ ವೈರಿಗೂ ಬೇಡ. ಪರದೆಯಿಲ್ಲದ ಕಿಟಕಿಯಲ್ಲಿ ಕೂತು ನನ್ನ ಸುಳ್ಳು ದಿನಕ್ಕೆ ಒಂದು ಗೇಣು ಬೆಳೆಯುವುದನ್ನು ನೋಡಬೇಕಾಯಿತು. ಚಾಚಿ ಕಬ್ಬಿಣದ ಪಂಜದಿಂದ ನೂಲನ್ನು ಬಡಿದು ಕೂಡಿಸುವ ಸಪ್ಪಳ ನನ್ನ ಎದೆಗೇ ಬಡಿಯುತ್ತಿತ್ತು. ಸಾಲು ಮುಗಿದಾಗಲೆಲ್ಲ ಆಕೆ ನನ್ನ ಕಡೆ ತಿರುಗಿ, ಇಷ್ಟಾಯಿತು ಎಂದು ಕೈ ಮಾಡಿ ತೋರಿಸುವಳು. ನಾನು ತಲೆಯಾಡಿಸುವೆ. ಗಿರಣಿಯ ಬೆಂಚಿನವರು ನೋಡಿ ನಗುವರು. ಮೊದಲು ಪರದೆ ಬೇಕಾದದ್ದು ಗಿರಣಿಯವರ ಕಣ್ಣು ತಪ್ಪಿಸಲಿಕ್ಕೆ. ಈಗ ಆ ಒಬ್ಬ ಮುದುಕಿಯ ಕಣ್ಣು ತಪ್ಪಿಸಿದರೆ ಸಾಕಾಗಿತ್ತು.

ಗಿರಣಿಯಲ್ಲಿ ಹಿಟ್ಟಿನ ಜೊತೆ ಸುದ್ದಿಯನ್ನೂ ಬೀಸುತ್ತಾರೆ. ಗಿರಿಜಾ ಒಂದು ದಿನ ಡಬ್ಬಿ ಕೆಳಗಿಟ್ಟು, "ಏನ್ರಿ, ನಮ್ಮ ವಿದ್ಯಾನ ನಿಶ್ಚಯ ಅಂತಲ್ಲ. ನನ್ನೂ ಕರೀತೀರೋ ಇಲ್ಲೋ?" ಎಂದಳು. ನಾನು ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಗಿರಣಿಯವರು ನೋಡುತ್ತಿದ್ದರು, ಅದಕ್ಕಾಗಿ ಎಂದು ಆಮೇಲೆ ತಿಳಿಯಿತು. ಸುದ್ದಿ ಗದಗಿಗೂ ಮುಟ್ಟಿತು. ವಿದ್ಯಾ ಫೋನಿನಲ್ಲಿ ಬಹಳ ಸಮಾಧಾನದಿಂದ, "ಅಪ್ಪಾ, ವರಾ ಯಾರಂತ ನನಗೂ ಒಂದೀಟು ಹೇಳ್ರಿ. ಇಲ್ಲಿ ಎಲ್ಲಾರೂ ಕೇಳಾಕತ್ತಾರ" ಎಂದಳು. ಅಷ್ಟು ಸಮಾಧಾನ ಆಕೆಯ ದನಿಯಲ್ಲಿ ಇರುವುದು ಅತ್ತು ಮುಗಿದ ಮೇಲೆ ಮಾತ್ರ. ಆ ಭಾನುವಾರ ಆಕೆ ಬಂದಳು. ಜಮಖಾನವೂ ಅದೇ ಭಾನುವಾರ ಬಂತು.

ಚಾಚಿಯೂ ಆಕೆಯ ಸೊಸೆಯೂ ಅದನ್ನು ಹೊತ್ತು ತಂದು ಪಡಸಾಲೆಯಲ್ಲಿ ಬಿಚ್ಚಿದರು. ಕೆಂಪು ನೆಲದ ಮೇಲೆ ಹಳದಿ ನವಿಲುಗಳು, ನಟ್ಟನಡುವೆ ಪಗಡೆಯ ಮನೆಗಳು. "ಈ ಕಡೆ ನೀವು ಕುಂಡ್ರೂದು, ಆ ಕಡೆ ಬೀಗರು" ಎಂದು ಚಾಚಿ ತೋರಿಸಿದಳು. "ಹಿರ್ಯಾರಿಗೆ ನೆಲಾ ಥಂಡಿ ಹತ್ತಬಾರ್ದಂತ ಅಗದಿ ದಪ್ಪ ನೇಯ್ದೇನ್ರಿ. ಅದಕ್ಕ ತಡಾ ಆತು." ಇಷ್ಟು ದಪ್ಪದ್ದನ್ನು ಜೋತು ಹಾಕಿದರೆ ಪರದೆಯ ಸಲಾಕೆ ಇರಲಿ, ಗೋಡೆಯೇ ಕಿತ್ತು ಬರುತ್ತದೆಂದು ನನ್ನೊಳಗಿನ ಲೆಕ್ಕದ ಮಾಸ್ತರ ಆ ಹೊತ್ತಿನಲ್ಲೂ ಹೇಳಿದ. ನಾನು ವಿದ್ಯಾಳ ಮುಖ ನೋಡಿದೆ. "ನೀವ ಹೇಳ್ರಿ ಅಪ್ಪಾ. ನಾ ಹೇಳಂಗಿಲ್ಲ" ಎಂದಳು.

ಹೇಳಿದೆ. ನಿಶ್ಚಯ ಇಲ್ಲ, ಕಿಟಕಿಗೆ ಪರದೆ ಬೇಕಾಗಿತ್ತು, ಕೂಲಿ ಉಳಿಸಲಿಕ್ಕೆ ಹೂಂ ಅಂದೆ ಎಂದೆ. ಮುಂದೆ ಇಡಲು ಕೂಲಿಯ ಪಾಕೀಟು ತಯಾರಿತ್ತು, ಅದನ್ನೂ ಇಟ್ಟೆ. ಚಾಚಿ ಒಂದು ನವಿಲಿನ ಮೇಲೆ ಕೈಯಾಡಿಸುತ್ತ ಕೂತಳು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು, ಬಿಟ್ಟರೂ ಮೇಲೆ ಆ ಜಮಖಾನವಿತ್ತು. ಕೊನೆಗೆ ಆಕೆ, "ಕಿಡಕಿಗೆ ಅಂದಿದ್ರ ತೆಳ್ಳಗ ನೇಯ್ತಿದ್ದೆ ಮಾಸ್ತರ್ರ. ಒಂದ್ ತಿಂಗಳ ಕೆಲಸ" ಎಂದಳು. ಪಾಕೀಟನ್ನು ಹಿಂದಕ್ಕೆ ಸರಿಸಿದಳು. "ವಿದ್ಯಾನ ಹೆಸರು ತಗೊಂಡು ನೇಯ್ದೇನಿ. ಇದು ಆಕಿದು. ಆಕಿ ಲಗ್ನಾ ಆಗಲಿ, ಬಿಡಲಿ. ಕಿಡಕಿಗೆ ಮಾತ್ರ ಹಾಕಬ್ಯಾಡ್ರಿ." ವಿದ್ಯಾ ಹೋಗಿ ಬೀಗರ ಕಡೆ ಚಾಚಿಯ ಮಗ್ಗುಲಿಗೆ ಕೂತಳು. ಗಿರಿಜಾ ಚಹಾ ತಂದು ಅವರ ಜೊತೆ ಕೂತಳು. ನನ್ನನ್ನು ಯಾರೂ ಕೂಡ್ರು ಎನ್ನಲಿಲ್ಲ. ನೋಡುವವರು ತುಂಬಿ ಗಿರಣಿಯ ಬೆಂಚಿನ ಮೇಲೂ ಅವತ್ತು ಜಾಗವಿರಲಿಲ್ಲ.

ಹೋಗುವಾಗ ವಿದ್ಯಾ ಒಂದು ಶಿಕ್ಷೆ ವಿಧಿಸಿ ಹೋದಳು. "ಪರದಾ ಹಾಕಬ್ಯಾಡ್ರಿ ಅಪ್ಪಾ. ನನ್ನ ನಿಶ್ಚಯ ಯಾವಾಗ ಅಂತ ಕೇಳಾವ್ರೆಲ್ಲಾ ಆ ಕಿಡಕ್ಯಾಗ ಬಂದು ಕೇಳ್ತಾರ. ನೀವ ಕುಂತು ಉತ್ತರಾ ಕೊಡ್ರಿ." ಅಂದಿನಿಂದ ದಿನವೂ ಸಂಜೆ ಕಿಟಕಿಯ ಒಳಗೆ ಕೂತು ಉತ್ತರ ಕೊಡುತ್ತಿದ್ದೇನೆ. ನಿನ್ನೆ ಹಳ್ಳಿಯ ಕಡೆಯ ಹಿರಿಯರೊಬ್ಬರು ಡಬ್ಬಿ ಪಾಳಿಗೆ ಇಟ್ಟು ನೇರವಾಗಿ ಬಂದರು. "ಮಗಳ ನಿಶ್ಚಯ ಆತಂತಲ್ರಿ ಸರ?" ಎಂದರು. ನಾಲಿಗೆಯ ತುದಿಗೆ ಮತ್ತೆ ಅದೇ 'ಹೂಂ' ಬಂದಿತ್ತು, ಅದರಷ್ಟು ಸಲೀಸಾದದ್ದು ಬೇರೆ ಇಲ್ಲ. ಓಣಿಯಾಚೆ ಚಾಚಿಯ ಪಂಜದ ಸಪ್ಪಳ ನಿಂತಿತು. ನಾನು, "ಇಲ್ರಿ ಯಜಮಾನ್ರ. ನಿಶ್ಚಯ ಇರಲಿಲ್ರಿ. ಈ ಕಿಡಕಿಗೆ ಪರದಾ ಬೇಕಾಗಿತ್ತಂತ ನಾ ಸುಳ್ಳ ಹೇಳಿದ್ದೆ" ಎಂದೆ. ಅವರು ಕಿಟಕಿಯನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನೋಡಿದರು.

"ಹಾಕೇ ಇಲ್ಲಲ್ರಿ ಮತ್ತ?" ಎಂದರು.

ನಾನು ಕೈಯಲ್ಲಿದ್ದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಅಗಲ ಸರಿಯಾಗಿ ಹೊಂದಿತು.